ಮಾರುತಿ 800ರ ಐಡ್ಲಿಂಗ್ ನಡುಕ: ಮೂರು ಭಾನುವಾರಗಳ ಕೆಲಸ

ಗಾಡಿ 1992ರದು. 796 ಸಿಸಿ ಎಂಜಿನ್, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್, ಅದರೊಳಗೆ ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪಾಯಿಂಟ್. ಎಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ಐಡ್ಲಿಂಗ್‌ನಲ್ಲಿ (ಎಕ್ಸಲರೇಟರ್ ಒತ್ತದೆ) ನಿಂತರೆ ಸ್ಟೀರಿಂಗ್ ನಡುಗುತ್ತದೆ, ಹೆಡ್‌ಲೈಟ್ ಹಾಕಿದರೆ ಎಂಜಿನ್ನೇ ಆಫ್ ಆಗುತ್ತದೆ. 2000 ಆರ್‌ಪಿಎಂ ದಾಟಿಸಿದರೆ ನಡುಕ ಮಾಯ.

ಮೂರು ಸಿಲಿಂಡರ್ ಎಂಜಿನ್ ಅಂದಮೇಲೆ ಅಲುಗಾಟ ಸ್ವಲ್ಪ ಇದ್ದೇ ಇರುತ್ತದೆ, ಆದರೆ ಅದು ಒಂದೇ ಲಯದಲ್ಲಿರುತ್ತದೆ. ಮಿಸ್ಸಿಂಗ್ ಇದ್ದರೆ, ಅಂದರೆ ಒಂದು ಸಿಲಿಂಡರ್‌ನಲ್ಲಿ ಆಗಾಗ ಪೆಟ್ರೋಲ್ ಉರಿಯದೆ ಹೋದರೆ, ಲಯ ತಪ್ಪುತ್ತದೆ. ಸೈಲೆನ್ಸರ್ ಬಾಯಿಯ ಹತ್ತಿರ ಅಂಗೈ ಹಿಡಿದರೆ ಹೊಗೆಯ ಬಡಿತದಲ್ಲೇ ಅದು ತಿಳಿಯುತ್ತದೆ. ಇಲ್ಲಿ ತಪ್ಪುತ್ತಿತ್ತು.

ಮೊದಲ ಭಾನುವಾರ: ಕಿಡಿ

ಕಾರ್ಬುರೇಟರ್‌ನ ಸ್ಕ್ರೂಗಳನ್ನು ಮುಟ್ಟಲಿಲ್ಲ. ಐಡ್ಲಿಂಗ್ ಕೆಟ್ಟ ಕೂಡಲೇ ಸ್ಕ್ರೂಡ್ರೈವರ್ ಹಿಡಿಯುವುದೇ ದೊಡ್ಡ ತಪ್ಪು. ಒಂದು ದೋಷದ ಮೇಲೆ ಇನ್ನೊಂದು ಕೂತು, ಮೂಲ ಯಾವುದೆಂದೇ ಗೊತ್ತಾಗದಂತೆ ಆಗುತ್ತದೆ. ಈ ಗಾಡಿಯಲ್ಲೂ ಯಾರೋ ಥ್ರಾಟಲ್ ಸ್ಕ್ರೂವನ್ನು (ಐಡ್ಲಿಂಗ್‌ನಲ್ಲಿ ಗಾಳಿಯ ಬಾಗಿಲು ಎಷ್ಟು ತೆರೆದಿರಬೇಕೆಂದು ಹೊಂದಿಸುವ ಸ್ಕ್ರೂ) ತುಂಬಾ ಒಳಗೆ ತಿರುಗಿಸಿಟ್ಟಿದ್ದರು.

ಐಡ್ಲಿಂಗ್‌ನಲ್ಲಿ ಒಂದೊಂದೇ ಪ್ಲಗ್ ವೈರ್ ಕಿತ್ತು ನೋಡಿದೆವು. ರಬ್ಬರ್ ಹಿಡಿಯ ಇಕ್ಕಳ ಬೇಕು. ಕಿತ್ತ ವೈರಿಗೆ ಬೇರೊಂದು ಪ್ಲಗ್ ಸಿಕ್ಕಿಸಿ ಗಾಡಿಯ ಲೋಹಕ್ಕೆ ತಾಗಿಸಿಡಬೇಕು, ಇಲ್ಲದಿದ್ದರೆ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್‌ಗೆ ಪೆಟ್ಟು. ಒಂದು ಮತ್ತು ಮೂರನೇ ವೈರ್ ಕಿತ್ತಾಗ 850ರಿಂದ 700ಕ್ಕೆ ಇಳಿಯಿತು. ಎರಡನೆಯದಕ್ಕೆ 800. ಅಂದರೆ ಎರಡನೇ ಸಿಲಿಂಡರ್ ಅರೆಬರೆ ಕೆಲಸ ಮಾಡುತ್ತಿದೆ. ಪ್ಲಗ್ ಅದಲು ಬದಲು ಮಾಡಿದರೂ ದೋಷ ಅಲ್ಲೇ ಉಳಿಯಿತು. ವೈರ್ ಬದಲಿಸಿದಾಗ ದೋಷವೂ ವೈರಿನ ಜೊತೆ ಹೋಯಿತು. ಮೀಟರ್ ಇಟ್ಟರೆ ಬೇರೆ ವೈರ್‌ಗಳು 6 ಕಿಲೋಓಮ್ ಒಳಗೆ, ಇದು ಬಗ್ಗಿಸಿದಾಗ 40 ದಾಟುತ್ತಿತ್ತು.

ಹೊಸ ವೈರ್ ಸೆಟ್ ಹಾಕಿದ್ದಾಯಿತು. ಪ್ಲಗ್ ಗ್ಯಾಪ್ 0.75 ಮಿಮೀ. ಪಾಯಿಂಟ್ ಗುಳಿ ಬಿದ್ದಿತ್ತು, ಹೊಸದು ಹಾಕಿ 0.45ಕ್ಕೆ ಹೊಂದಿಸಿ ಆಮೇಲೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ಇಟ್ಟೆವು. ಈ ಕ್ರಮ ತಪ್ಪಬಾರದು: ಪಾಯಿಂಟ್ ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ತೆರೆದು ಟೈಮಿಂಗ್ ಮುಂದೆ ಹೋಗುತ್ತದೆ.

ಮಿಸ್ಸಿಂಗ್ ಹೋಯಿತು, ಮೂರೂ ಸಿಲಿಂಡರ್ ಸಮ. ನಡುಕ ಅರ್ಧ ಉಳಿಯಿತು. ಮೂರಕ್ಕೂ ಒಟ್ಟಿಗೆ ತಟ್ಟುವ ದೋಷ ಅಂದರೆ ಗಾಳಿ ಅಥವಾ ಪೆಟ್ರೋಲ್.

ಎರಡನೇ ಭಾನುವಾರ: ಗಾಳಿ

ಮೊದಲು ಕಂಪ್ರೆಷನ್, ಅಂದರೆ ಸಿಲಿಂಡರ್ ಗಾಳಿಯನ್ನು ಎಷ್ಟು ಒತ್ತುತ್ತದೆ ಅನ್ನುವ ಅಳತೆ. ಎಂಜಿನ್ ಬಿಸಿ, ಮೂರೂ ಪ್ಲಗ್ ಹೊರಗೆ, ಎಕ್ಸಲರೇಟರ್ ಪೂರ್ತಿ ಒತ್ತಿ: 155, 150, 152 ಪಿಎಸ್‌ಐ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಹತ್ತನೇ ಒಂದು ಪಾಲು ಕಡಿಮೆ. ಹಾಗಾಗಿ ಅಂಕಿ ಎಷ್ಟು ಅನ್ನುವುದಕ್ಕಿಂತ ಮೂರರ ನಡುವಿನ ವ್ಯತ್ಯಾಸ ಮುಖ್ಯ. ಅದು ಇಲ್ಲಿ ತೀರಾ ಕಡಿಮೆ, ದೋಷ ಸಿಲಿಂಡರ್‌ನದಲ್ಲ.

ಎಂಜಿನ್ ಗಾಳಿ ಎಳೆಯುವ ಬಲವನ್ನು ಪಾದರಸದ ಇಂಚಿನಲ್ಲಿ ತೋರಿಸುವ ವ್ಯಾಕ್ಯೂಮ್ ಗೇಜ್‌ಗೂ ಇದೇ ಲೆಕ್ಕ. ಗೇಜ್ ಜೊತೆ ಬರುವ ಚೀಟಿಯಲ್ಲಿ 17ರಿಂದ 21 ಇಂಚು ಸರಿ ಎಂದಿರುತ್ತದೆ, ಅದು ಸಮುದ್ರಮಟ್ಟದ ಮಾತು. ಇಲ್ಲಿ 3 ಇಂಚು ಕಳೆಯಬೇಕು. ಕಳೆಯದೆ ಒಳ್ಳೆಯ ಎಂಜಿನ್ ಬಿಚ್ಚಿಸಿಕೊಂಡವರಿದ್ದಾರೆ. ನಮ್ಮ ಗೇಜ್ 12 ತೋರಿಸಿತು, ಕಳೆದು ನೋಡಿದರೂ ಕಡಿಮೆ. ಮುಳ್ಳು ಕುಣಿಯದೆ ಕೆಳಗೇ ನಿಂತಿದ್ದರೆ ಟೈಮಿಂಗ್ ಹಿಂದಿರಬೇಕು, ಇಲ್ಲವೇ ಏರ್ ಲೀಕ್. ಟೈಮಿಂಗ್ ಆಗಲೇ ಸರಿಮಾಡಿದ್ದೆವು.

ಡಿಸ್ಟ್ರಿಬ್ಯೂಟರ್‌ಗೆ ಹೋಗುವ ವ್ಯಾಕ್ಯೂಮ್ ಪೈಪ್ ಹಿಸುಕಿ ಹಿಡಿದರೂ ವ್ಯತ್ಯಾಸವಿಲ್ಲ, ಅಂದರೆ ಲೀಕ್ ಅಲ್ಲಿಲ್ಲ. ಸಿರಿಂಜ್‌ನಲ್ಲಿ ಸೋಪಿನ ನೀರು ತುಂಬಿ ಕಾರ್ಬುರೇಟರ್ ಬುಡದ ಸುತ್ತ ಹನಿ ಹನಿ ಬಿಟ್ಟಾಗ, ಹಿಂಬದಿಯಲ್ಲಿ ಒಂದು ಕಡೆ ನೀರು ಸರ್ರನೆ ಒಳಗೆ ಹೋಯಿತು, ಎಂಜಿನ್ ಸದ್ದು ಬದಲಾಯಿತು. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹುಡುಕುವುದುಂಟು. ಬಿಸಿ ಎಂಜಿನ್ ಮೇಲೆ ಬೆಂಕಿ ಹತ್ತುವ ವಸ್ತು ಬೇಡ.

ಮೂರನೇ ಭಾನುವಾರ: ಬುಡ

ಕಾರ್ಬುರೇಟರ್ ಇಳಿಸಿದೆವು. ಬುಡದ ಸಂದು ಮುಚ್ಚುವ ಪ್ಯಾಕಿಂಗ್‌ನಲ್ಲಿ ಎಲ್ಲೆಡೆ ಕಪ್ಪು, ಗಾಳಿ ನುಗ್ಗುತ್ತಿದ್ದ ಜಾಗದಲ್ಲಿ ಮಾತ್ರ ಬೆರಳಗಲದ ಬಿಳಿಚಿದ ಪಟ್ಟಿ. ನೇರ ಪಟ್ಟಿ ಅಡ್ಡ ಇಟ್ಟರೆ ಬುಡದ ನಡುವೆ 0.15 ಮಿಮೀ ಫೀಲರ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ನುಸುಳುತ್ತದೆ. ನಟ್‌ಗಳನ್ನು ಮಿತಿಮೀರಿ ಬಿಗಿದಾಗ ಅಲ್ಯೂಮಿನಿಯಂ ಕಿವಿಗಳು ಕೆಳಗೆ ಬಾಗಿ ನಡು ಮೇಲೇಳುತ್ತದೆ. ಲೀಕ್ ಆಯಿತೆಂದು ಇನ್ನಷ್ಟು ಬಿಗಿದರೆ ಬಾಗು ಇನ್ನೂ ಹೆಚ್ಚುತ್ತದೆ.

ದಪ್ಪ ಗಾಜಿನ ಮೇಲೆ 320ರ ಎಮರಿ ಕಾಗದ ಹರಡಿ, ಬುಡಕ್ಕೆ ಪೆನ್ಸಿಲ್ ಗೀಟು ಎಳೆದು ಎಂಟರ ಆಕಾರದಲ್ಲಿ ಉಜ್ಜಿದೆವು. ಮೊದಲು ಕಿವಿಗಳ ಗೀಟು ಹೋಯಿತು. ನಡುವಿನ ಗೀಟೂ ಅಳಿಸಿಹೋಗಲು ನಲವತ್ತು ನಿಮಿಷ ಬೇಕಾಯಿತು. ಎಂಜಿನ್ನಿನ ಬಿಸಿ ತಡೆಯಲು ಬುಡದಡಿ ಹೊಸ ಇನ್ಸುಲೇಟರ್, ಎರಡೂ ಬದಿಗೆ ಹೊಸ ಪ್ಯಾಕಿಂಗ್. ಸಿಲಿಕೋನ್ ಹಚ್ಚಲಿಲ್ಲ, ಪೆಟ್ರೋಲ್ ತಾಗಿದರೆ ಅದು ಉಬ್ಬಿ ಕಿತ್ತು ಬರುತ್ತದೆ. ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಐಡಲ್ ಜೆಟ್‌ಗೆ ಕ್ಲೀನರ್ ಮತ್ತು ಗಾಳಿ ಸಾಕು, ತಂತಿ ತೂರಿಸಿದರೆ ಹಿತ್ತಾಳೆಯ ತೂತು ದೊಡ್ಡದಾಗುತ್ತದೆ. ಕೀ ಆನ್ ಮಾಡಿದಾಗ ಆ ಪೆಟ್ರೋಲ್ ದಾರಿ ತೆರೆಯುವ ಸಾಲಿನಾಯ್ಡ್ (ವಿದ್ಯುತ್ ವಾಲ್ವ್) ಟಿಕ್ ಅಂದಿತು.

ಸ್ಕ್ರೂಗಳ ಸರದಿ ಈಗ. ಥ್ರಾಟಲ್ ಸ್ಕ್ರೂ ಹಿಂದಕ್ಕೆ ಬಿಟ್ಟ ಕೂಡಲೇ, ಐಡ್ಲಿಂಗ್‌ನ ಪೆಟ್ರೋಲ್ ಹೊಂದಿಸುವ ಮಿಕ್ಸ್ಚರ್ ಸ್ಕ್ರೂಗೆ ಜೀವ ಬಂತು. ಥ್ರಾಟಲ್ ಹೆಚ್ಚು ತೆರೆದಿದ್ದರೆ ಪೆಟ್ರೋಲ್ ಬೇರೆ ತೂತುಗಳಿಂದ ಬರುತ್ತದೆ, ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಕೇಳುವುದಿಲ್ಲ. ಎಥನಾಲ್ ಬೆರೆಸಿದ ಪೆಟ್ರೋಲ್‌ಗೆ ಮಿಶ್ರಣ ತೆಳುವಾಗುವುದರಿಂದ ಕಾಲು ಸುತ್ತು ಹೆಚ್ಚು ಬಿಟ್ಟೆವು.

ಗೇಜ್ 16, ಐಡ್ಲಿಂಗ್ 900. ಹೆಡ್‌ಲೈಟ್ ಹಾಕಿದರೆ 850ಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಪ್ಯಾಕಿಂಗ್ ಕೂತ ಮೇಲೆ, 500 ಕಿಲೋಮೀಟರ್ ಓಡಿಸಿ, ತಣ್ಣಗಿರುವಾಗ ನಟ್‌ಗಳನ್ನು ಇನ್ನೊಮ್ಮೆ ಹದವಾಗಿ ನೋಡಬೇಕು. ಬಿರುಕು ಬಿಟ್ಟಿರುವ ಪೆಟ್ರೋಲ್ ಪೈಪ್ ಬದಲಿಸುವುದೂ ಬಾಕಿ ಇದೆ.