ನೆಪ್ಚೂನ್ ಅಂದ್ರೆ ಏನಪ್ಪಾ?

ಮಗಳ ಗ್ರಹಗಳ ಚಾರ್ಟ್ ಇನ್ನೂ ನೆಲದ ಮೇಲೆ ಒಣಗುತ್ತಿದೆ. ಕೊನೆಯ ಗ್ರಹಕ್ಕೆ ನೀಲಿ ಜಾಸ್ತಿಯಾಗಿ ಪಕ್ಕದ ಯುರೇನಸ್‌ವರೆಗೂ ಹರಿದಿದೆ.

"ನೆಪ್ಚೂನ್ ಅಂದ್ರೆ ಏನಪ್ಪಾ?"

ರೋಮನ್ನರ ಸಮುದ್ರ ದೇವರು ಅಂದೆ.

"ಅದು ಗೊತ್ತು. ಹೆಸರಿಗೆ ಅರ್ಥ ಏನು?"

ಸಿಕ್ಕಿಬಿದ್ದೆ. ಹುಡುಕಿದರೆ ರೋಮನ್ನರಲ್ಲೇ ಒಮ್ಮತ ಇಲ್ಲ! ಮೋಡ ಆಕಾಶವನ್ನು ಮುಚ್ಚುವ ಹಾಗೆ ಸಮುದ್ರ ನೆಲವನ್ನು ಮುಚ್ಚುತ್ತದೆ, ಹಾಗಾಗಿ 'ಮುಚ್ಚು' ಅನ್ನೋ ಅರ್ಥದ ಲ್ಯಾಟಿನ್ ಮಾತಿನಿಂದ ಬಂತು ಅಂತಾನೆ ರೋಮನ್ ವಿದ್ವಾಂಸ ವಾರೋ. ರೋಮನ್ ಲೇಖಕ ಸಿಸೆರೋ ಬರೆದ ಸಂವಾದವೊಂದರಲ್ಲಿ ಒಬ್ಬ 'ಈಜು' ಅನ್ನೋದರಿಂದ ಅಂತಾನೆ. ಇನ್ನೊಬ್ಬ ಬಿಡ್ತಾನಾ? ನೆಪ್ಚೂನ್‌ಗಿಂತ ನೀನೇ ಜಾಸ್ತಿ ಈಜಾಡ್ತಿದ್ದೀಯ ಅಂತ ಕಾಲೆಳೆಯುತ್ತಾನೆ. 2000 ವರ್ಷ ಹಳೆಯ ಜೋಕು, ಈಗಲೂ ನಗು ಬಂತು.

ಈಗಿನ ವಿದ್ವಾಂಸರಲ್ಲಿ ಕೆಲವರು 'ತೇವ' ಅನ್ನೋ ಹಳೇ ಬೇರು ಹಿಡಿಯುತ್ತಾರೆ. ಕೆಲವರು ನಮ್ಮ ಋಗ್ವೇದದ ಅಪಾಂ ನಪಾತ್, ಅಂದರೆ ನೀರಿನ ಮಗ ಅಥವಾ ಮೊಮ್ಮಗ, ಅವನ ನಂಟು ಹೇಳುತ್ತಾರೆ.

ನನಗೆ ಹಿಡಿಸಿದ್ದು ಮಾತ್ರ ರೋಮನ್ನರ ನೆಪ್ಚೂನ್ ಹಬ್ಬ. ಜುಲೈ 23, ಸುಡುಬೇಸಗೆ, ನೀರಿಗೆ ಬರ ಬರುವ ಕಾಲ. ಜನ ಸೊಪ್ಪುಸದೆಯ ಗುಡಿಸಲು ಹಾಕಿಕೊಂಡು ನೆರಳಲ್ಲಿ ಕೂರುತ್ತಿದ್ದರಂತೆ. ಗ್ರೀಕರ ಸಮುದ್ರ ದೇವರು ಪೊಸೈಡನ್ ಜೊತೆ ಬೆರೆಯುವ ಮೊದಲು ಅವನು ಸಿಹಿನೀರಿನ ದೇವರೇ ಇರಬೇಕು ಅನ್ನೋದು ಇದಕ್ಕೇ.

ಮಗಳ ವೋಟು ವಾರೋಗೆ. "ಮುಚ್ಚಿಬಿಟ್ಟಿದೆ ನೋಡು" ಅಂತ ಯುರೇನಸ್ ತೋರಿಸಿದಳು.