ಮಲದಲ್ಲಿ ರಕ್ತ ಕಂಡರೆ ಎಲ್ಲವೂ ಪೈಲ್ಸ್ ಅಲ್ಲ

ಮಲದಲ್ಲಿ ರಕ್ತ ಕಂಡಾಗ ನಮ್ಮಲ್ಲಿ ಬಹಳ ಜನ ‘ಉಷ್ಣ ಆಗಿದೆ’ ಅನ್ನುತ್ತಾರೆ, ಇಲ್ಲವೇ ಪೈಲ್ಸ್ ಎಂದು ತಾವೇ ತೀರ್ಮಾನಿಸಿ ಮೆಡಿಕಲ್ ಶಾಪಿನಿಂದ ಮುಲಾಮು ತರುತ್ತಾರೆ. ಎಷ್ಟೋ ಸಲ ಅದು ಪೈಲ್ಸೇ ಆಗಿರುತ್ತದೆ. ಆದರೆ ಪೈಲ್ಸ್ ಇರುವವರಿಗೂ ಕರುಳಿನ ಕ್ಯಾನ್ಸರ್ ಬರಬಹುದು. ಪೈಲ್ಸ್ ಸಿಕ್ಕಿತೆಂದು ಇನ್ನೂ ಒಳಗೆ ನೋಡುವುದನ್ನು ಕೈಬಿಟ್ಟಲ್ಲೇ ಅಮೂಲ್ಯವಾದ ತಿಂಗಳುಗಳು ಕಳೆದುಹೋಗುತ್ತವೆ.

ಗಡ್ಡೆ ಎಲ್ಲಿದೆಯೋ ಅದರಂತೆ ಲಕ್ಷಣ. ದೊಡ್ಡ ಕರುಳಿನ ಬಲಭಾಗ ಅಗಲವಾಗಿದೆ, ಅಲ್ಲಿ ಮಲ ಇನ್ನೂ ನೀರಾಗಿರುತ್ತದೆ. ಹಾಗಾಗಿ ಗಡ್ಡೆ ಬೆಳೆದರೂ ದಾರಿ ಬೇಗ ಕಟ್ಟುವುದಿಲ್ಲ. ಸೋರುವ ರಕ್ತ ಮಲದಲ್ಲಿ ಬೆರೆತು ಕಣ್ಣಿಗೆ ಬೀಳುವುದೂ ಇಲ್ಲ. ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಕಡಿಮೆ ಹಿಮೋಗ್ಲೋಬಿನ್, ಇಷ್ಟೇ ಸುಳಿವು. ಎಡಭಾಗದಲ್ಲಾದರೆ ಮಲವಿಸರ್ಜನೆಯ ರೂಢಿಯೇ ಬದಲಾಗುತ್ತದೆ: ಕೆಲವು ದಿನ ಮಲಬದ್ಧತೆ, ಮತ್ತೆ ಕೆಲವು ದಿನ ಭೇದಿ, ಹೊಟ್ಟೆ ಹಿಂಡುವ ನೋವು. ಗುದನಾಳದಲ್ಲಾದರೆ ಕೆಂಪು ರಕ್ತ, ಲೋಳೆ, ಹೋಗಿ ಬಂದ ಮೇಲೂ ಪೂರ್ತಿ ಆಗಲಿಲ್ಲವೆಂಬ ಒತ್ತಡ. ಇದನ್ನು ಆಮಶಂಕೆ ಎಂದುಕೊಂಡು ಮಾತ್ರೆ ನುಂಗುತ್ತಾ ಕೂರುವವರೂ ಇದ್ದಾರೆ. ಇಂಥ ಬದಲಾವಣೆ ಮೂರು ವಾರ ದಾಟಿದರೆ ವೈದ್ಯರಿಗೆ ತೋರಿಸಲೇಬೇಕು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಅದು ಕರುಳು ಕಟ್ಟಿರುವ ಸೂಚನೆ. ಭೇದಿ ಮಾಡಿಸುವ ಔಷಧಿ ಕುಡಿಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ರಕ್ತಹೀನತೆ. ಗಂಡಸರಲ್ಲಿ ಹಿಮೋಗ್ಲೋಬಿನ್ 13ಕ್ಕಿಂತ, ಮುಟ್ಟು ನಿಂತ ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಿದ್ದು ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ಕೂಡ ಕಡಿಮೆಯಾಗಿದ್ದರೆ, ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಲೇಬೇಕು. ಕಬ್ಬಿಣದ ಮಾತ್ರೆಯಿಂದ ಸಂಖ್ಯೆ ಏರುತ್ತದೆ, ಸೋರಿಕೆ ನಿಲ್ಲುವುದಿಲ್ಲ.

ಮೊದಲ ಪರೀಕ್ಷೆಗೆ ಯಂತ್ರವೇ ಬೇಡ. ಗ್ಲೌಸ್ ಹಾಕಿದ ಬೆರಳಿನಿಂದ ಗುದದ್ವಾರದ ಒಳಗೆ ಮುಟ್ಟಿ ನೋಡಿದರೆ ಗುದನಾಳದ ಕೆಳಭಾಗದ ಎಷ್ಟೋ ಗಡ್ಡೆಗಳು ಸಿಗುತ್ತವೆ. ಒಂದೆರಡು ನಿಮಿಷದ ಕೆಲಸ. ನಾಚಿಕೆಯಿಂದ ರೋಗಿ ಬೇಡವೆನ್ನುತ್ತಾರೆ, ಅವಸರದಲ್ಲಿ ವೈದ್ಯರೂ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಹೆಂಗಸರು ಮಹಿಳಾ ವೈದ್ಯರನ್ನು ಕೇಳಬಹುದು. ಮಲದಲ್ಲಿ ಅಡಗಿದ ರಕ್ತ ಪತ್ತೆಮಾಡುವ ಫಿಟ್ ಪರೀಕ್ಷೆ ಲಕ್ಷಣ ಇಲ್ಲದವರ ತಪಾಸಣೆಗೆ ಒಳ್ಳೆಯದು. ಕಣ್ಣಿಗೇ ರಕ್ತ ಕಾಣುವವರು ‘ನೆಗೆಟಿವ್’ ಬಂತೆಂದು ಸುಮ್ಮನಾಗಬಾರದು. ಹೊಟ್ಟೆಯ ಅಲ್ಟ್ರಾಸೌಂಡ್ ಸಹಜವಾಗಿದ್ದರೂ ಕರುಳು ಸರಿಯಿದೆ ಎಂದಾಗದು. ಸಿಇಎ ಎಂಬ, ಕರುಳಿನ ಕ್ಯಾನ್ಸರ್‌ನಲ್ಲಿ ಏರಬಹುದಾದ ಪ್ರೋಟೀನನ್ನು ಅಳೆಯುವ ರಕ್ತಪರೀಕ್ಷೆಯೂ ರೋಗ ಪತ್ತೆಗಲ್ಲ. ಆರಂಭದ ಹಂತದಲ್ಲಿ ಅನೇಕರಲ್ಲಿ ಅದು ಏರಿರುವುದೇ ಇಲ್ಲ.

ಖಚಿತ ಉತ್ತರ ಸಿಗುವುದು ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಹಾಕಿ ದೊಡ್ಡ ಕರುಳನ್ನು ನೋಡುವುದು, ಮತ್ತು ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷಿಸುವುದು, ಇವೆರಡರಿಂದ. ಪರೀಕ್ಷೆ ಕೆಡುವುದು ಹೆಚ್ಚಾಗಿ ಕರುಳು ಸ್ವಚ್ಛವಾಗದೆ. ಎರಡು ದಿನ ಮೊದಲಿನಿಂದಲೇ ರಾಗಿ, ಸೊಪ್ಪು, ಸಿಪ್ಪೆ ಸಹಿತದ ಕಾಳು, ಸೀಬೆ, ಟೊಮೆಟೊ ಬಿಡಿ. ಬಿಳಿ ಅನ್ನ, ಮೊಸರು ಸಾಕು. ಹಿಂದಿನ ದಿನ ಎಳನೀರು, ಸೋಸಿದ ತಿಳಿ ಸಾರಿನಂಥ ದ್ರವ ಮಾತ್ರ. ಕೆಂಪು ಪಾನೀಯ ರಕ್ತದಂತೆ ಕಂಡು ಗೊಂದಲವಾಗುತ್ತದೆ. ಕಬ್ಬಿಣದ ಮಾತ್ರೆ ಮಲವನ್ನು ಕಪ್ಪಗೆ, ಅಂಟಂಟಾಗಿ ಮಾಡುವುದರಿಂದ ಐದರಿಂದ ಏಳು ದಿನ ಮೊದಲೇ ನಿಲ್ಲಿಸುತ್ತಾರೆ. ರಕ್ತ ತೆಳುವಾಗಿಸುವ ಔಷಧಿ, ಇನ್ಸುಲಿನ್ ಬಗ್ಗೆ ವೈದ್ಯರನ್ನೇ ಕೇಳಿ. ಕರುಳು ತೊಳೆಯಲು ಕೊಡುವ ಭೇದಿ ದ್ರಾವಣವನ್ನು ಒಮ್ಮೆಲೇ ಕುಡಿಯುವುದಕ್ಕಿಂತ ಅರ್ಧ ಹಿಂದಿನ ಸಂಜೆ, ಉಳಿದರ್ಧ ಪರೀಕ್ಷೆಗೆ ನಾಲ್ಕರಿಂದ ಆರು ಗಂಟೆ ಮೊದಲು ಕುಡಿದರೆ ಕರುಳು ಚೆನ್ನಾಗಿ ತೊಳೆಯುತ್ತದೆ. ಕೊನೆಗೆ ತಿಳಿ ಹಳದಿ ನೀರು ಬರಬೇಕು. ಕಂದು ನೀರೇ ಬರುತ್ತಿದ್ದರೆ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ. ಮಂಪರು ಔಷಧಿ ಕೊಡುವುದರಿಂದ ಜೊತೆಗೊಬ್ಬರಿರಲಿ, ಅಂದು ಗಾಡಿ ಓಡಿಸಬೇಡಿ.

ರಿಪೋರ್ಟನ್ನು ಓದಿ. ಕೊಳವೆ ಸೀಕಮ್‌ವರೆಗೆ, ಅಂದರೆ ದೊಡ್ಡ ಕರುಳು ಶುರುವಾಗುವ ತುದಿಯವರೆಗೆ, ಮುಟ್ಟಿತೆಂದು ಬರೆದಿದೆಯೇ? ಕರುಳು ಎಷ್ಟು ಸ್ವಚ್ಛವಾಗಿತ್ತೆಂದು ಹೇಳುವ ಬೋಸ್ಟನ್ ಅಂಕ 9ಕ್ಕೆ ಕನಿಷ್ಠ 6 ಇದ್ದು, ದೊಡ್ಡ ಕರುಳಿನ ಮೂರು ಭಾಗಗಳಿಗೂ ತಲಾ ಕನಿಷ್ಠ 2 ಬಂದಿದೆಯೇ? ಇಲ್ಲದಿದ್ದರೆ ‘ನಾರ್ಮಲ್’ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ. ಮತ್ತೆ ಮಾಡಿಸಬೇಕೇ ಎಂದು ಕೇಳಿ. ಸಿಕ್ಕ ಪಾಲಿಪ್ (ಕರುಳಿನ ಒಳಗೋಡೆಯ ಸಣ್ಣ ಬೆಳವಣಿಗೆ) ತೆಗೆದಿದ್ದರೆ ಅದರ ಬಯಾಪ್ಸಿ ಫಲಿತಾಂಶ ತಪ್ಪದೆ ತರಿಸಿಕೊಳ್ಳಿ, ಮುಂದಿನ ಪರೀಕ್ಷೆ ಯಾವಾಗ ಎಂಬುದು ಅದರಿಂದಲೇ ಗೊತ್ತಾಗುವುದು.

ಭಾರತದ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇವೆ, ಕರುಳಿನದಿಲ್ಲ. ಅಮೆರಿಕದಲ್ಲಿ 2021ರಿಂದ 45 ವರ್ಷಕ್ಕೇ ತಪಾಸಣೆ ಶುರುಮಾಡಲು ಸಲಹೆಯಿದೆ. ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕಾಯಿಲೆ ಬಂದಿದ್ದರೆ 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ತಂದೆಗೆ 44ಕ್ಕೆ ಬಂದಿದ್ದರೆ ಮಕ್ಕಳಿಗೆ 34ಕ್ಕೆ.