ದೊಡ್ಡಮ್ಮನ ಮನೆಗೆ ಬಂದ ಎರಡು ವ್ಯಾನುಗಳು

ರೋಗಿ ದಿನನಿತ್ಯದ ಕೆಲಸಗಳನ್ನು ತಾನೇ ಮಾಡಿಕೊಳ್ಳಲು ನೆರವಾಗುವ ಆಸ್ಪತ್ರೆಯ ಆಕ್ಯುಪೇಶನಲ್ ಥೆರಪಿಸ್ಟ್ ನನ್ನ ಕೈಗಿತ್ತ ಹಾಳೆಯಲ್ಲಿ ಒಂದು ಔಷಧಿಯ ಹೆಸರೂ ಇರಲಿಲ್ಲ. ದೊಡ್ಡಮ್ಮ ದಿನವೂ ಕೂರುವ ಕುರ್ಚಿ, ಮಲಗುವ ಮಂಚ, ಬಳಸುವ ಕಮೋಡು, ಇವು ನೆಲದಿಂದ ಎಷ್ಟು ಎತ್ತರದಲ್ಲಿವೆ ಎಂದು ಅಳೆದು ತುಂಬಬೇಕಾದ ಖಾಲಿ ಜಾಗಗಳಷ್ಟೇ ಇದ್ದವು. ಅಡುಗೆಮನೆಯಲ್ಲಿ ಜಾರಿ ಬಿದ್ದು ಸೊಂಟದ ಕೀಲಿನ ಮೂಳೆ ಮುರಿದುಕೊಂಡಿದ್ದ ದೊಡ್ಡಮ್ಮನಿಗೆ ಶಸ್ತ್ರಚಿಕಿತ್ಸೆ ಆಗಿತ್ತು. ಕೂತಾಗ ಸೊಂಟ ಮಂಡಿಗಿಂತ ಕೆಳಗೆ ಹೋಗಬಾರದು ಎಂದು ಹೇಳಿದ್ದರಿಂದ, ಥೆರಪಿಸ್ಟ್ ಹಿಮ್ಮಡಿಯಿಂದ ಮಂಡಿಯ ಹಿಂಭಾಗದವರೆಗೆ ಟೇಪು ಹಿಡಿದು 41 ಸೆಂಟಿಮೀಟರ್ ಎಂದು ಬರೆದುಕೊಂಡರು. ಮನೆಗೆ ಹೋಗಿ ಅಳೆದರೆ ದೊಡ್ಡಮ್ಮನ ಮೆಚ್ಚಿನ ಸೋಫಾ 36 ಇತ್ತು.

ದೊಡ್ಡಮ್ಮ ಎಪ್ಪತ್ತರ ದಶಕದಲ್ಲಿ, ವೈದ್ಯರಾಗಿದ್ದ ದೊಡ್ಡಪ್ಪನ ಜೊತೆ ಇಂಗ್ಲೆಂಡಿಗೆ ಬಂದವರು. ದೊಡ್ಡಪ್ಪ ತೀರಿಕೊಂಡ ಮೇಲೂ ಮಿಡ್‌ಲ್ಯಾಂಡ್ಸ್‌ನಲ್ಲಿ ಎರಡು ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಗಡಿಗೆ ಅಂಟಿಕೊಂಡಿರುವ ಊರಿನ ಅದೇ ಮನೆಯಲ್ಲಿ ಒಬ್ಬರೇ ಇದ್ದಾರೆ. ಮನೆಯ ವಿಳಾಸ ಒಂದು ಕೌಂಟಿಗೆ ಸೇರಿದ್ದು, ನಡೆದು ಹೋಗಬಹುದಾದ ದೂರದಲ್ಲಿರುವ ಅವರ ಜಿಪಿ (ಕುಟುಂಬ ವೈದ್ಯರ) ಕ್ಲಿನಿಕ್ ಇನ್ನೊಂದಕ್ಕೆ ಸೇರಿದ್ದು. ಇದು ಮುಂದೆ ನಮ್ಮನ್ನು ಕಾಡಿದ್ದರಿಂದ ಮೊದಲೇ ಹೇಳಿಬಿಡುತ್ತೇನೆ.

ಡಿಸ್ಚಾರ್ಜ್ ಆಗುವ ಹಿಂದಿನ ದಿನವೇ ವ್ಯಾನೊಂದು ಬಂದು ಸಾಮಾನು ಇಳಿಸಿ ಹೋಯಿತು. ಸೋಫಾದ ಕಾಲುಗಳ ಕೆಳಗಿಡುವ ಎತ್ತರದ ಬಟ್ಟಲುಗಳು, ಹಾಸಿಗೆಯಿಂದ ಏಳುವಾಗ ಹಿಡಿದುಕೊಳ್ಳುವ ಕಂಬಿ, ಒಲೆಯ ಮುಂದೆ ಅರ್ಧ ನಿಂತಂತೆ ಅರ್ಧ ಕೂತಂತೆ ಇರಲು ಆಸನ ಮುಂದಕ್ಕೆ ಓರೆಯಾಗಿರುವ ಎತ್ತರದ ಸ್ಟೂಲು, ಕಮೋಡಿನ ಮೇಲೆ ಕೂರಿಸುವ ನಾಲ್ಕು ಇಂಚಿನ ಪ್ಲಾಸ್ಟಿಕ್ ಆಸನ ಅದರಲ್ಲಿದ್ದವು. ಈ ಕೊನೆಯದರ ಬಗ್ಗೆ ದೊಡ್ಡಮ್ಮನಿಗೆ ಆಸ್ಪತ್ರೆಯಲ್ಲೇ ಆತಂಕವಿತ್ತು. ಚೊಂಬಿನ ನೀರು ಬಳಸುವವರಿಗೆ ಆ ಎತ್ತರದ ಆಸನದಲ್ಲಿ ಕೈ ಹೋಗುವುದು ಹೇಗೆ ಎಂದು ಕೇಳಲು ಅವರಿಗೆ ಸಂಕೋಚ, ಅದನ್ನು ಇಂಗ್ಲಿಷಿಗೆ ತಿರುಗಿಸಲು ನನಗೆ ಇನ್ನೂ ಸಂಕೋಚ. ಹೇಗೋ ಹೇಳಿದಾಗ ಥೆರಪಿಸ್ಟ್ ಸ್ವಲ್ಪವೂ ಗಲಿಬಿಲಿಗೊಳ್ಳದೆ, ಮುಂದೆಯೂ ಹಿಂದೆಯೂ ತಗ್ಗು ಬಿಟ್ಟಿರುವ ಆಸನವೇ ತಮ್ಮ ಪಟ್ಟಿಯಲ್ಲಿದೆ ಎಂದು ಅದನ್ನು ಆರಿಸಿದರು.

ಪ್ರತಿಯೊಂದಕ್ಕೂ ಬಾರ್‌ಕೋಡ್ ಚೀಟಿ ಅಂಟಿಸಿತ್ತು. ಹಣ ಕೊಡಬೇಕಾಗಿರಲಿಲ್ಲ, ಬೇಡವಾದಾಗ ಹಿಂದಿರುಗಿಸಬೇಕಾದ ಎರವಲು ಸಾಮಾನು ಅದು. ಈ ಸ್ಟೂಲು ಆಸ್ಪತ್ರೆಯದ್ದೋ, ಸ್ಥಳೀಯ ಆಡಳಿತವಾದ ಕೌನ್ಸಿಲ್ಲಿನದ್ದೋ ಎಂದು ನಾನು ಕೇಳಿದೆ. ಥೆರಪಿಸ್ಟ್, ‘ಅದನ್ನು ನೀವು ತಿಳಿದುಕೊಳ್ಳಬೇಕಾದ ಅಗತ್ಯವೇ ಬರಬಾರದು’ ಎಂದರು. ಈ ಉತ್ತರ ಸಿಗುವುದಕ್ಕೆ ಈ ದೇಶಕ್ಕೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

1948ರ ಜುಲೈ 5ರಂದು ಇಲ್ಲಿ ಎರಡು ಕಾನೂನುಗಳು ಒಟ್ಟಿಗೆ ಜಾರಿಗೆ ಬಂದವು. ಒಂದು ಎನ್‌ಎಚ್‌ಎಸ್ ಎಂಬ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಹುಟ್ಟುಹಾಕಿ ಚಿಕಿತ್ಸೆಯನ್ನು ಎಲ್ಲರಿಗೂ ಉಚಿತ ಮಾಡಿತು. ಇನ್ನೊಂದು ಮುಪ್ಪಿನವರ ಮತ್ತು ಅಂಗವಿಕಲರ ಆರೈಕೆಯನ್ನು ಸ್ಥಳೀಯ ಕೌನ್ಸಿಲ್ಲುಗಳಿಗೆ ಒಪ್ಪಿಸಿತು, ಅಲ್ಲಿ ಆದಾಯ ನೋಡಿ ಶುಲ್ಕ ಹಾಕಬಹುದಾಗಿತ್ತು. ಒಂದೇ ಮನುಷ್ಯನ ಒಂದೇ ಕಾಲನ್ನು ಎರಡು ಖಜಾನೆಗಳು ಹಂಚಿಕೊಂಡದ್ದು ಅಂದಿನಿಂದ. ಹಾಸಿಗೆಹುಣ್ಣು ತಡೆಯುವ ಹಾಸು ಆರೋಗ್ಯದ ಲೆಕ್ಕ, ಸ್ನಾನದ ತೊಟ್ಟಿಗೆ ಅಡ್ಡ ಇಡುವ ಹಲಗೆ ಕೌನ್ಸಿಲ್ಲಿನ ಲೆಕ್ಕ. ಕಮೋಡು ಕುರ್ಚಿ ಯಾರದ್ದೆಂಬುದು ಮಾತ್ರ ಊರೂರಿಗೆ ಬೇರೆ. ಸ್ನಾನವನ್ನೂ ವೈದ್ಯಕೀಯ ಸ್ನಾನ, ಸಾಮಾಜಿಕ ಸ್ನಾನ ಎಂದು ವಿಂಗಡಿಸಿ, ಮೊದಲನೆಯದನ್ನು ನರ್ಸ್ ಉಚಿತವಾಗಿ ಮಾಡಿಸುವುದು, ಎರಡನೆಯದಕ್ಕೆ ಕೌನ್ಸಿಲ್ಲಿನ ಸಹಾಯಕಿ ಬರುವುದು ಎಂಬ ಜಗ್ಗಾಟವೂ ಇಲ್ಲಿ ನಡೆದಿತ್ತು. ದೊಡ್ಡಮ್ಮನಿಗೆ ಇದನ್ನು ವಿವರಿಸಿದಾಗ ಅವರು, ‘ಸ್ನಾನ ಮಾಡದೆ ನಾನು ದೇವರ ಮುಂದೆ ಕೂರೋದಿಲ್ಲ, ಅದನ್ನ ಯಾವ ಖಾತೆಗೆ ಬರ್ಕೋತಾರಂತೆ ಕೇಳು’ ಎಂದರು.

1999ರ ಹೆಲ್ತ್ ಆ್ಯಕ್ಟ್ ಎನ್‌ಎಚ್‌ಎಸ್ ಮತ್ತು ಕೌನ್ಸಿಲ್ ಇಬ್ಬರ ಹಣವನ್ನೂ ಒಂದೇ ನಿಧಿಗೆ ಹಾಕಲು ದಾರಿ ಮಾಡಿತು. ಈಗ ಅದೇ ಅವಕಾಶ 2006ರ ಎನ್‌ಎಚ್‌ಎಸ್ ಕಾನೂನಿನ 75ನೆಯ ಕಲಮಿನಲ್ಲಿದೆ. ಈ ಸಾಮಗ್ರಿಗಳ ವ್ಯವಸ್ಥೆ ಎಷ್ಟು ಹದಗೆಟ್ಟಿದೆ ಎಂದು ಸಾರ್ವಜನಿಕ ಸೇವೆಗಳ ಲೆಕ್ಕ ತಪಾಸಿಸುತ್ತಿದ್ದ ಆಡಿಟ್ ಕಮಿಷನ್ 2000ದಲ್ಲಿ ವರದಿ ಕೊಟ್ಟ ಮೇಲೆ, 2004ರೊಳಗೆ ಎಲ್ಲೆಡೆ ಜಂಟಿ ವ್ಯವಸ್ಥೆ ಆಗಬೇಕೆಂದು ಸರ್ಕಾರ ಗುರಿ ಇಟ್ಟಿತು. ಇಂಥ ಸಾಮಗ್ರಿಗೆ ಶುಲ್ಕ ಹಾಕುವುದು 2003ರಲ್ಲಿ ನಿಂತಿತು. ಬಾಗಿಲ ಬಳಿಯ ಹಿಡಿಕಂಬಿಯಂಥ ಸಣ್ಣ ಮಾರ್ಪಾಡು ಸಾವಿರ ಪೌಂಡಿನೊಳಗಿದ್ದರೆ ಅದೂ ಉಚಿತ. 2014ರ ಕೇರ್ ಆ್ಯಕ್ಟ್‌ನ ನಿಯಮಗಳಲ್ಲೂ ಆ ಸಾವಿರದ ಗೆರೆ ಒಂದಿಷ್ಟೂ ಕದಲಿಲ್ಲ. ಬಡಗಿಯ ಕೂಲಿ ಮಾತ್ರ ಕದಲದೆ ನಿಂತಿಲ್ಲ ಎಂಬುದು ಬೇರೆ ಮಾತು.

ಸಾಮಾನ್ಯವಾಗಿ ಕೌನ್ಸಿಲ್ ಮುಂದಾಳಾಗಿ ಒಬ್ಬ ಗುತ್ತಿಗೆದಾರನನ್ನು ನೇಮಿಸುತ್ತದೆ. ಅವನ ಉಗ್ರಾಣದಲ್ಲಿ ಸಾಮಾನು ಇಡುವುದು, ತಲುಪಿಸುವುದು, ವಾಪಸು ತಂದು ತೊಳೆದು ಮತ್ತೆ ಕಳಿಸುವುದು, ಎತ್ತಿ ಕೂರಿಸುವ ಹಾಯ್ಸ್ಟ್‌ಗಳಾದರೆ ಆರು ತಿಂಗಳಿಗೊಮ್ಮೆ ತಪಾಸಣೆ ಮಾಡಿಸುವುದು, ಎಲ್ಲವೂ ನಡೆಯುತ್ತದೆ. ಆಸ್ಪತ್ರೆಯ ಥೆರಪಿಸ್ಟ್ ಆಗಲಿ, ಮನೆಗೆ ಬರುವ ಡಿಸ್ಟ್ರಿಕ್ಟ್ ನರ್ಸ್ ಆಗಲಿ, ಕೌನ್ಸಿಲ್ಲಿನ ನೌಕರರಾಗಲಿ, ಒಂದೇ ಪಟ್ಟಿಯಿಂದ ತಮ್ಮ ಗುರುತಿನ ಸಂಖ್ಯೆ ಹಾಕಿ ಆರಿಸುತ್ತಾರೆ. ಯಾರ ಪಾಲು ಎಷ್ಟು ಎಂಬ ಲೆಕ್ಕಾಚಾರ ಹಿಂದೆ ನಡೆಯುತ್ತಲೇ ಇರುತ್ತದೆ. ಜಗಳ ಮುಗಿದಿಲ್ಲ, ಹಜಾರದಿಂದ ಒಳಕೋಣೆಗೆ ಹೋಗಿದೆ ಅಷ್ಟೆ. ರೋಗಿಯ ಪಾಲಿಗೆ ಅದೇ ದೊಡ್ಡ ಉಪಕಾರ ಎಂಬುದು ನನ್ನ ಅಭಿಪ್ರಾಯ.

ನಮಗೆ ಆ ಉಪಕಾರ ಮೂರು ವಾರ ಮಾತ್ರ ಸಿಕ್ಕಿತು. ದೊಡ್ಡಮ್ಮನ ಹಿಮ್ಮಡಿ ಕೆಂಪಾಗಿ, ಒತ್ತಡ ಕಡಿಮೆ ಮಾಡುವ ಹಾಸಿಗೆ ಬೇಕೆಂದು ಡಿಸ್ಟ್ರಿಕ್ಟ್ ನರ್ಸ್ ಹೇಳಿದಾಗ ಗಡಿಯ ಕಗ್ಗಂಟು ಎದ್ದಿತು. ಕೌನ್ಸಿಲ್ಲಿನ ಹೊಣೆ ಮನೆಯ ವಿಳಾಸವನ್ನು ನೋಡುತ್ತದೆ, ಎನ್‌ಎಚ್‌ಎಸ್ ಹೊಣೆ ಹೆಸರು ನೋಂದಾಯಿಸಿದ ಜಿಪಿಯನ್ನು ನೋಡುತ್ತದೆ. ಆದ್ದರಿಂದ ನರ್ಸ್ ಆಚೆ ಕೌಂಟಿಯವರು, ಅವರ ಜಂಟಿ ನಿಧಿ ಬೇರೆ, ಉಗ್ರಾಣವೂ ಬೇರೆ. ಈ ಕಡೆಯವರು ಆ ಕಡೆ ಕೇಳಿ ಎಂದರು, ಆ ಕಡೆಯವರು ವಿಳಾಸ ತಮ್ಮ ವ್ಯಾಪ್ತಿಯಲ್ಲಿಲ್ಲ ಎಂದರು. ಒಂಬತ್ತು ದಿನ ನಾನು ಫೋನ್ ಹಿಡಿದು ಕೂತೆ, ದೊಡ್ಡಮ್ಮ ಹಿಮ್ಮಡಿಯ ಕೆಳಗೆ ದಿಂಬು ಇಟ್ಟುಕೊಂಡು ಮಲಗಿದರು. ಹತ್ತನೆಯ ದಿನ ಬಂದ ಎರಡನೆಯ ವ್ಯಾನಿನ ಬಣ್ಣವೇ ಬೇರೆಯಾಗಿತ್ತು.

ಸ್ನಾನದ ತೊಟ್ಟಿ ತೆಗೆಸಿ, ನೆಲಮಟ್ಟದಲ್ಲಿ ನಿಂತು ಮೀಯುವ ಬಚ್ಚಲು ಮಾಡಿಸುವುದು ಈ ನಿಧಿಗೆ ಸೇರಿದ್ದಲ್ಲ. ಅದಕ್ಕೆ ಇಂಗ್ಲೆಂಡಿನಲ್ಲಿ ಗರಿಷ್ಠ 30,000 ಪೌಂಡಿನ ಪ್ರತ್ಯೇಕ ಅನುದಾನವಿದೆ. ವಯಸ್ಕರಾದರೆ ಆದಾಯ, ಉಳಿತಾಯ ನೋಡಿ ಕೊಡುತ್ತಾರೆ. ದೊಡ್ಡಪ್ಪ ಕೂಡಿಟ್ಟದ್ದು ಇದ್ದುದರಿಂದ ದೊಡ್ಡಮ್ಮ ಆ ಅರ್ಜಿಯ ಗೋಜಿಗೇ ಹೋಗದೆ ಸ್ವಂತ ಹಣದಲ್ಲಿ ಮಾಡಿಸಿಕೊಂಡರು.

ಚೇತರಿಸಿಕೊಂಡ ಮೇಲೆ ಕಮೋಡಿನ ಆಸನ, ಸೋಫಾದ ಬಟ್ಟಲುಗಳು ಮೆಟ್ಟಿಲ ಕೆಳಗೆ ತಿಂಗಳುಗಟ್ಟಲೆ ಬಿದ್ದಿದ್ದವು. ನಾಲ್ಕು ಬಾರಿ ಫೋನ್ ಮಾಡಿದ ಮೇಲೆ ಒಯ್ಯಲು ಬಂದರು. ಓರೆ ಆಸನದ ಸ್ಟೂಲನ್ನು ಮಾತ್ರ ದೊಡ್ಡಮ್ಮ ಕೊಡಲಿಲ್ಲ. ನೆಲದ ಮೇಲೆ ಕೂತು ಏಳುವುದು ಇನ್ನು ಆಗದ ಮಾತಾದ್ದರಿಂದ, ಕಪಾಟಿನ ಕೆಳಗಿನ ಅರೆಯಲ್ಲಿದ್ದ ದೇವರನ್ನು ನಾವು ಎರಡು ಅರೆ ಮೇಲಕ್ಕೆ ಏರಿಸಿದ್ದೆವು, ಅದರ ಮುಂದೆ ಆ ಸ್ಟೂಲು ನಿಂತಿತ್ತು. ಮರುಪರಿಶೀಲನೆಗೆ ಬಂದ ಥೆರಪಿಸ್ಟ್ ಅದನ್ನು ನೋಡಿ, ಅಡುಗೆಮನೆ ಎಂದಿದ್ದುದನ್ನು ಹೊಡೆದು ಪೂಜೆ ಎಂದು ಬರೆದುಕೊಂಡರು. ಸ್ಟೂಲಿನ ಕಾಲಿನ ಮೇಲಿನ ಬಾರ್‌ಕೋಡಿಗೆ ಆಗಲೇ ಕುಂಕುಮ ಮೆತ್ತಿತ್ತು. ಅವರ ಯಂತ್ರ ಅದನ್ನು ಓದಲಿಲ್ಲ, ಸಂಖ್ಯೆಯನ್ನು ಕೈಯಲ್ಲೇ ಬರೆದುಕೊಂಡು ಹೋದರು.